ಕಡಲ ಪಾಲು

ಹಗ್ಗ ಒದ್ದೆಯಾಗಿತ್ತು. ಶವಪೆಟ್ಟಿಗೆ ಒಂದು ಕಡೆಗೆ ವಾಲಿದಾಗ ಸೋಲ್ರೂನ್ ಕಾಲೂರಿ ಹಗ್ಗವನ್ನು ಎಳೆದು ಹಿಡಿದಳು.

"ನಿಧಾನಕ್ಕೆ ಬಿಡು," ಎಂದ ಎದುರು ಬದಿಯಲ್ಲಿದ್ದ ಮುದುಕ ಹೊಗ್ನಿ. "ನಿಮ್ಮಪ್ಪ ಯಾವತ್ತು ಅವಸರ ಮಾಡಿದ್ದ?"

ಅಪ್ಪ ಕೆಟಿಲ್ ಮಣ್ಣಿಗಿಳಿದ. ಕಡಲಿನಿಂದ ಬೀಸುತ್ತಿದ್ದ ಸೆಪ್ಟೆಂಬರಿನ ಗಾಳಿಗೆ ಪಾದ್ರಿಯ ಮಾತು ಅರ್ಧ ಹಾರಿಹೋಯಿತು.

ಸುತ್ತ ನಿಂತವರಲ್ಲಿ ಹೆಚ್ಚಿನವರು ಮೀನು ಕಾರ್ಖಾನೆಯ ಹೆಂಗಸರು. ಒಬ್ಬೊಬ್ಬರೇ ಬಂದು ಸೋಲ್ರೂನಳ ಕೈ ಅದುಮಿದರು. ಹಿರಿಯಳಾದ ಬೆರ್ಗ್‌ಥೋರಾ ಹಿಡಿದ ಕೈ ಬಿಡಲೇ ಇಲ್ಲ.

"ಹೊಗ್ನಿ ಮೀನಿನ ಪಾಲು ಮಾರಿದ, ಎಲ್ರೂ ಮಾರಿದ್ರು. ನಿಮ್ಮಪ್ಪ ಒಬ್ಬ ಮಾರ್ಲಿಲ್ಲ. ನಮ್ಮನೆ ಒಲೆ ಉರೀತಿರೋದು ಅವನಿಂದ ಕಣೇ. ಇನ್ಮೇಲೆ ದೋಣಿ ನೀನೇ ನಡೆಸ್ತೀಯಲ್ಲ?"

ಸೋಲ್ರೂನ್ ಸುಮ್ಮನೆ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಎಂದು ಬೆರ್ಗ್‌ಥೋರಾ ಕೇಳಲಿಲ್ಲ.

*

ಕಾಡ್ ಮೀನು ಬರಿದಾಗಬಾರದೆಂದು ಸರ್ಕಾರ ವರ್ಷಕ್ಕಿಷ್ಟೇ ಹಿಡಿಯಬೇಕೆಂದು ಗೊತ್ತುಮಾಡಿ, ದೋಣಿ ದೋಣಿಗೂ ಪಾಲು ಹಂಚಿದಾಗ ಹಳ್ಳಿ ಚಪ್ಪಾಳೆ ತಟ್ಟಿತ್ತು. ಆ ಪಾಲನ್ನು ಮಾರಲೂಬಹುದು ಎಂಬುದು ಆಗ ಯಾರನ್ನೂ ಕಾಡಲಿಲ್ಲ. ಮೀನು ನಿಜಕ್ಕೂ ಹೆಚ್ಚಿತು. ಪಾಲು ಮಾತ್ರ ಒಂದೊಂದಾಗಿ ರಾಜಧಾನಿ ರೇಕ್ಯಾವಿಕ್‌ನ ಕಂಪನಿಯೊಂದರ ಕೈಸೇರಿತು. ಆ ಮೀನು ಬೇರೆ ಬಂದರಿಗೆ ಹೋಯಿತು, ಕೆಲಸವಿಲ್ಲದವರು ಊರು ಬಿಟ್ಟರು, ಶಾಲೆ ಮುಚ್ಚಿತು. ಪಾಲು ಕೇಳಲು ಕಂಪನಿಯವನು ಬಂದಾಗಲೆಲ್ಲ ಕೆಟಿಲ್ ಕಾಫಿ ಕೊಟ್ಟು, ಗಾಳಿ ಮಳೆಯ ಮಾತಾಡಿ ಕಳಿಸಿಬಿಡುತ್ತಿದ್ದ.

ಎರಡು ಚಳಿಗಾಲದ ಹಿಂದೆ ಮಗ ಸ್ಟೀನಾರ್ ಅಪ್ಪನ ದೋಣಿಯಿಂದಲೇ ಅಲೆಗೆ ಸಿಕ್ಕಿ ಕಡಲ ಪಾಲಾದ. ಹೆಣವೂ ಸಿಗಲಿಲ್ಲ. ಅಣ್ಣನ ಜಾಗದಲ್ಲಿ ಸೋಲ್ರೂನ್ ಬಲೆಗೆ ನಿಂತಳು. ಅಪ್ಪ ಬೇಡವೆನ್ನಲಿಲ್ಲ. ಆದರೆ ಅವಳು ತಿರುಗಿ ನೋಡಿದಾಗಲೆಲ್ಲ ಅವನ ಕಣ್ಣು ಅಲೆಗಳ ಮೇಲಿರದೆ ಅವಳ ಮೇಲಿರುತ್ತಿತ್ತು.

ಈ ವಸಂತದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪ ಬಾಯಿಬಿಟ್ಟ.

"ಮಾರಿಬಿಟ್ಟೆ. ದೋಣಿ, ಪಾಲು, ಎರಡೂ. ಸೆಪ್ಟೆಂಬರಿಗೆ ಬಿಟ್ಟುಕೊಡ್ಬೇಕು."

"ಊರಿನ ಗತಿ?"

"ಊರು ನನ್ನ ಮಗಳಲ್ಲ."

"ನನ್ನನ್ನ ಒಂದು ಮಾತು ಕೇಳಿದ್ಯಾ ಅಪ್ಪ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ನಾನು ಇರೋವರೆಗೂ ಊರವರಿಗೆ ಹೇಳ್ಬೇಡ," ಎಂದ.

*

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿ, ಹೊಗೆಯಾಡಿಸಿದ ಕುರಿಮಾಂಸ ಇಟ್ಟ ತೆಳು ರೊಟ್ಟಿ. ಹೊಗ್ನಿ ಲೋಟ ಎತ್ತಿ ನಿಂತ.

"ನಾನು ಪಾಲು ಮಾರ್ಕೊಂಡು ಕೂತಾಗ ಊರೆಲ್ಲ ಮುಖ ತಿರುಗಿಸ್ತು. ಕೆಟಿಲ್ ಮಾತ್ರ ಬಾರೋ ದಂಡಪಿಂಡ, ಬಲೆ ಎಳಿ ಅಂತ ಕರೆದ. ಅಂಥವನು—"

"ಹೊಗ್ನಿ, ಸಾಕು," ಎಂದಳು ಸೋಲ್ರೂನ್. "ಅಪ್ಪನೂ ಮಾರಿದ. ವಸಂತದಲ್ಲೇ."

ಯಾರೋ ಚಮಚ ಕೆಳಗಿಟ್ಟರು.

"ಯಾಕೆ?" ಬೆರ್ಗ್‌ಥೋರಾಳ ದನಿ ಏರಲಿಲ್ಲ.

"ನಾನು ಕಡಲಿಗೆ ಹೋಗಬಾರದು ಅಂತ."

"ಹೋಗಲ್ಲ ಅಂತ ನೀನು ಅಂದಿದ್ಯಾ?"

"ಇಲ್ಲ."

ಬೆರ್ಗ್‌ಥೋರಾ ಎದ್ದು ಕಿಟಕಿಯ ಬಳಿ ಹೋದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹೋಗಿ ಅವಳ ಹಿಂದೆ ನಿಂತರು. ಕೆಳಗೆ ಬಂದರಿನಲ್ಲಿ ಕಂಪನಿಯ ಅಂಗಿ ತೊಟ್ಟ ಇಬ್ಬರು ಅಪರಿಚಿತರು ಹಲಗೆಯ ಮೇಲೆ ಮಂಡಿಯೂರಿ, ಕೆಟಿಲ್‌ನ ದೋಣಿಯ ಹಿಂಬದಿಯಲ್ಲಿದ್ದ ಊರಿನ ಹೆಸರನ್ನು ಕೆರೆಯುತ್ತಿದ್ದರು. ಅರ್ಧ ಹೆಸರು ಆಗಲೇ ಹೋಗಿತ್ತು.