ನಾನೇ ತೆಗೆದ ಚಿಲಕ

ತಂಗಿ ತೀರಿಕೊಂಡಳೆಂಬ ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ, ನಾನು ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ. ಆಸ್ಪತ್ರೆಯ ದಾದಿ ಫೋನಿನಲ್ಲಿ ಮೆಲ್ಲಗೆ, ಪಾಠ ಒಪ್ಪಿಸುವವಳಂತೆ ಹೇಳಿದಳು. ನಾನು "ಆಯಿತಮ್ಮ" ಎಂದು ಫೋನಿಟ್ಟೆ. ಆಗ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಎಪ್ಪತ್ತೆಂಟು ತುಂಬಿದ ಮೇಲೆ, ದೇವರಿಗೆ ಗೊತ್ತಿರುವುದನ್ನು ಜನರಿಂದ ಮುಚ್ಚಿಟ್ಟು ಏನು ಪ್ರಯೋಜನ. ಮೊದಲು ಬಂದ ಯೋಚನೆ ಇದು: ಅಪ್ಪನ ಹತ್ತಿರಕ್ಕೂ ಅವಳೇ ಮೊದಲು ಹೋದಳು.

ಅಳು ಬಂದದ್ದು ಆಮೇಲೆ. ಬಂದದ್ದು ನಿಲ್ಲಲಿಲ್ಲ.

ನಮ್ಮ ಅಪ್ಪ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವರು. ನಾದಿದ ಹಿಟ್ಟು ಉಬ್ಬಿ ಬರುವವರೆಗೆ ಒಂದೂವರೆ ಗಂಟೆ ಸುಮ್ಮನೆ ಕೂರಬೇಕು. ಉಳಿದವರು ಆ ಹೊತ್ತಿನಲ್ಲಿ ಹರಟೆ ಹೊಡೆಯುತ್ತಿದ್ದರು, ಅಪ್ಪ ಪ್ರಾರ್ಥನೆ ಕಟ್ಟುತ್ತಿದ್ದರು. ನಾಲ್ಕು ಸಾಲು, ಹೆಚ್ಚೆಂದರೆ ಐದು. "ದೇವರೇ, ಒಲೆಯ ಮುಂದೆ ನಿಂತವನ ಬೆನ್ನಿಗೂ ಒಂದಿಷ್ಟು ಗಾಳಿ ಕೊಡು" ಎಂಬಂಥವು. ಹಿಟ್ಟಿನ ಚೀಲ ಹರಿದು ಅದರ ಮೇಲೆ ಬರೆಯುತ್ತಿದ್ದರು. ಆ ಕಾಗದಗಳನ್ನೆಲ್ಲ ಒಟ್ಟುಮಾಡಿ ಹೊಲಿದವಳು ನಾನು.

ಕೊನೆಗಾಲದಲ್ಲಿ ಕಣ್ಣು ಹೋದ ಮೇಲೆ ಅವರು ಬಾಯಲ್ಲಿ ಹೇಳಿ ಬರೆಸತೊಡಗಿದರು. ಮೊದಲ ದಿನ ಬರೆದುಕೊಳ್ಳಲು ಕೂತವಳೂ ನಾನೇ. ನಾನು ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದವಳು. ಎರಡನೆಯ ಸಾಲಿಗೇ, "ಅಪ್ಪಾ, ಕರ್ತೃ ಏಕವಚನ ಇದೆ, ಕ್ರಿಯಾಪದ ಬಹುವಚನ ಆಯ್ತು" ಎಂದೆ.

"ನೀನು ತಿದ್ತೀಯ ಕಣಮ್ಮ," ಎಂದರು ಅಪ್ಪ. "ಚಿಕ್ಕವಳನ್ನ ಕರಿ. ಅವಳು ಬರ್ಕೋತಾಳೆ."

ತಂಗಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿ. ಅಪ್ಪ ಹೇಳಿದ್ದನ್ನು ಹೇಳಿದ ಹಾಗೆ ಕಂಪ್ಯೂಟರಿಗೆ ಇಳಿಸಿದಳು. ಎರಡು ತಿಂಗಳಲ್ಲಿ ನಲವತ್ತು ಪ್ರಾರ್ಥನೆಗಳಾದವು, ಅಪ್ಪ ಹೋದರು. "ಓದ್ತೀಯಾ ಅಕ್ಕಾ?" ಎಂದು ಅವಳು ಕೇಳಿದಾಗ, "ನಿನಗೆ ಹೇಳಿದ್ದು, ನೀನೇ ಇಟ್ಕೋ" ಎಂದೆ. ಇಪ್ಪತ್ತೈದು ವರ್ಷ ಆ ಮಾತಿಗೆ ಅಂಟಿಕೊಂಡೆ. ನಾನು ಗಂಡನನ್ನು ಕಳೆದುಕೊಂಡೆ. ಅವಳು ಮದುವೆಯೇ ಆಗಲಿಲ್ಲ. ಒಂದೇ ಮನೆಯಲ್ಲಿ ಅವಳು ಕೆಳಗೆ, ನಾನು ಮೇಲೆ. ದಿನಾ ಬೆಳಿಗ್ಗೆ ಅವಳು ಒಂದು ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ನೆಲದ ಮೂಲಕ ದನಿ ಕೇಳುತ್ತಿತ್ತು, ಪದ ಕೇಳುತ್ತಿರಲಿಲ್ಲ. ಕಿವಿಯನ್ನು ನೆಲಕ್ಕೆ ಹಚ್ಚುವಷ್ಟು ಕೆಳಗಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಹಚ್ಚಿದ್ದೇನೆ. ನನಗೆ ಬೇಕಾಗಿದ್ದದ್ದು ಒಂದೇ: ಆ ನಲವತ್ತರಲ್ಲಿ ಎಲ್ಲಾದರೂ ಅಪ್ಪ ನನ್ನನ್ನು ನೆನೆದಿದ್ದಾರೆಯೇ.

ಹೋದ ವರ್ಷದ ಕೊನೆಯಲ್ಲಿ ಅವಳ ಎದೆ ಮೊದಲ ಸಲ ಕೈಕೊಟ್ಟಿತು. ಐದು ದಿನ ಆಸ್ಪತ್ರೆಯಲ್ಲಿಟ್ಟರು. ಗಿಡಗಳಿಗೆ ನೀರು ಹಾಕಲೆಂದು ಕೀಲಿಕೈಯನ್ನು ನನಗೆ ಕೊಟ್ಟಳು. ಮೂರನೆಯ ದಿನ ಮಧ್ಯಾಹ್ನ ನೀರು ಹಾಕಿದೆ, ಕೈ ಒರೆಸಿಕೊಂಡೆ, ಅವಳ ಕುರ್ಚಿಯಲ್ಲಿ ಕೂತೆ. ಕಂಪ್ಯೂಟರಿನ ಗುಟ್ಟಿನ ಪದ ಊಹಿಸುವುದು ಕಷ್ಟವಾಗಲಿಲ್ಲ. ಅಪ್ಪನ ಬೇಕರಿಯ ಹೆಸರು. "ಅಪ್ಪ" ಎಂಬ ಕಡತವೂ ಎದುರಿಗೇ ಇತ್ತು.

ತೆರೆದರೆ ಒಂದು ಅಕ್ಷರವೂ ಕನ್ನಡವಲ್ಲ. ಕೊಂಬು, ಚುಕ್ಕೆ, ಗೀಟುಗಳ ಜಾತ್ರೆ. ಅವಳು ಹಿಂದೆ ಬಳಸುತ್ತಿದ್ದ ಹಳೆಯ ಅಕ್ಷರಶೈಲಿಯಲ್ಲಿ ಅದು ಟೈಪಾಗಿತ್ತು. ಹೊಸ ಕಂಪ್ಯೂಟರ್ ತಂದಾಗ ಅಂಗಡಿಯವರು ಕಡತಗಳನ್ನು ದಾಟಿಸಿದ್ದರೇ ಹೊರತು ಆ ಅಕ್ಷರಗಳನ್ನು ದಾಟಿಸಿರಲಿಲ್ಲ. ಹಾಕಿಸಬೇಕು ಎಂದು ಅವಳು ಹೇಳುತ್ತಲೇ ಇದ್ದಳು. ಅವಳಿಗೇನು ಅವಸರ, ಎಲ್ಲ ಬಾಯಿಗೆ ಬರುತ್ತಿತ್ತು.

ಹಳೆಯ ಅಕ್ಷರವನ್ನು ಹೊಸ ಅಕ್ಷರಕ್ಕೆ ಬದಲಿಸುವ ಸಾಧನಗಳು ಅಂತರಜಾಲದಲ್ಲಿ ಸಿಗುತ್ತವೆಂದು ಕೇಳಿದ್ದೆ. ಹುಡುಕಿದೆ. ಮೊದಲು ಸಿಕ್ಕಿದ ಪುಟದಲ್ಲೇ "ಉಚಿತ, ಒಂದೇ ಕ್ಷಣದಲ್ಲಿ" ಎಂದಿತ್ತು. ಆ ಪುಟದಲ್ಲಿ ಕಾಗುಣಿತದ ತಪ್ಪುಗಳು ಮೂರಿದ್ದವು. ಜೀವಮಾನವೆಲ್ಲ ಕೆಂಪು ಶಾಯಿ ಹಿಡಿದವಳು ನಾನು, ಅಪ್ಪನನ್ನೇ ತಿದ್ದಿದವಳು, ಅವತ್ತು ಕಣ್ಣಿಗೆ ಬಿದ್ದರೂ ದಾಟಿಹೋದೆ. "ನಿಮ್ಮ ವೈರಸ್ ಕಾವಲು ತಂತ್ರಾಂಶ ಅಡ್ಡಿ ಮಾಡಬಹುದು, ಸ್ವಲ್ಪ ಹೊತ್ತು ನಿಲ್ಲಿಸಿ" ಎಂದಿತ್ತು. ನಿಲ್ಲಿಸಿದೆ. ಕೆಂಪು ಚೌಕವೊಂದು ಎದ್ದು, ಇದನ್ನು ಬರೆದವರು ಯಾರೆಂದು ಗೊತ್ತಿಲ್ಲ, ಆದರೂ ಒಳಗೆ ಬಿಡಬೇಕೇ ಎಂದು ಕೇಳಿತು. ಬಿಡು ಎಂದೆ. ಎರಡನೆಯ ಸಲ ಕೇಳಿತು. ಬಿಡು ಎಂದೆನಲ್ಲ ಎಂದು ಬಾಯಿಬಿಟ್ಟೇ ಬೈದೆ.

ಅದು ಕೆಲಸವನ್ನೇನೋ ಮಾಡಿತು. ಒತ್ತಕ್ಷರಗಳು ಸ್ಥಾನಪಲ್ಲಟವಾಗಿದ್ದವು, ಆದರೆ ಓದಬಹುದಿತ್ತು. ಮೊದಲನೆಯ ಪ್ರಾರ್ಥನೆ: "ದೇವರೇ, ನನ್ನ ಚಿಕ್ಕವಳ ಬೆರಳುಗಳನ್ನು ಕಾಪಾಡು." ಎರಡನೆಯದರಲ್ಲಿ ಚಿಕ್ಕವಳು ತಂದ ಬಿಸಿನೀರು. ಮೂರನೆಯದರಲ್ಲಿ ಚಿಕ್ಕವಳ ನಗು. ನಾಲ್ಕನೆಯದಕ್ಕೆ ಹೋಗಲಿಲ್ಲ. ಉಳಿಸಬೇಕೇ ಎಂದು ಅದು ಕೇಳಿತು. ಬೇಡ ಎಂದು ಮುಚ್ಚಿ, ಕಾವಲನ್ನು ಮೊದಲಿನಂತೆ ಚಾಲೂ ಮಾಡಿ, ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ ಮೇಲೆ ಬಂದೆ.

ತಂಗಿ ಮನೆಗೆ ಬಂದು ಹತ್ತು ದಿನಕ್ಕೆ ವಿಚಿತ್ರಗಳು ಶುರುವಾದವು. ಕೈ ಮಡಿಲಲ್ಲಿದ್ದರೂ ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿತು ಎಂದಳು. "ವಯಸ್ಸಾಯ್ತು, ಕಣ್ಣು ಪರೀಕ್ಷೆ ಮಾಡಿಸ್ಕೋ" ಎಂದೆ. ಆಮೇಲೆ ಅವಳ ಹಳೆಯ ಕಚೇರಿಯ ಗೆಳತಿಯ ಫೋನು ಬಂತು. "ಏನೇ, ಫೋಟೋ ನೋಡು ಅಂತ ಇ-ಮೇಲ್ ಪತ್ರ ಕಳ್ಸಿದ್ದೀಯ, ತೆಗೆದ್ರೆ ನನ್ನ ಕಂಪ್ಯೂಟರೇ ಮಕಾಡೆ ಮಲಗ್ತಲ್ಲ." ತಂಗಿ ಯಾವ ಪತ್ರವನ್ನೂ ಕಳಿಸಿರಲಿಲ್ಲ. ಹನ್ನೊಂದು ಜನರಿಗೆ ಅವಳ ಹೆಸರಿನಲ್ಲಿ ಹೋಗಿತ್ತು. ಒಬ್ಬೊಬ್ಬರಿಗೂ ಫೋನು ಮಾಡಿ ಕ್ಷಮೆ ಕೇಳಿದಳು. ನಾನು ಪಕ್ಕದಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದೆ.

ಒಂದು ಬೆಳಿಗ್ಗೆ ಯಾವ ಕಡತವೂ ತೆರೆಯಲಿಲ್ಲ. ಪ್ರತಿಯೊಂದರ ಹೆಸರಿಗೂ ಅರ್ಥವಿಲ್ಲದ ಬಾಲ ಅಂಟಿತ್ತು.

ರಿಪೇರಿಯವಳು ಬಂದಳು; ಮೂವತ್ತರ ಆಸುಪಾಸಿನ ಮಾತುಗಾತಿ. ಅರ್ಧ ಗಂಟೆ ಕುಕ್ಕಿ ನೋಡಿ ಹೇಳಿದಳು, "ಅಮ್ಮಾ, ಮುಂಬಾಗಿಲಿಗೆ ಬೀಗ ಭದ್ರವಾಗೇ ಇದೆ. ಹಿಂಬಾಗಿಲು ಮಾತ್ರ ಹಾರುಹೊಡೆದಿದೆ."

"ಕಂಪ್ಯೂಟರಿಗೆ ಎಲ್ಲಿಯ ಹಿಂಬಾಗಿಲು?" ಎಂದಳು ತಂಗಿ.

"ಇರ್ಲಿಲ್ಲ, ಮಾಡ್ಕೊಂಡಿದ್ದಾರೆ. ಯಾವುದೋ ಅಕ್ಷರ ಬದಲಿಸೋ ಸಾಧನದ ಹೊಟ್ಟೆಯೊಳಗೆ ಇನ್ನೊಂದು ಅಡಗಿತ್ತು. ಅದು ಅಕ್ಷರಾನೂ ಬದಲಿಸತ್ತೆ, ಅನುಮಾನ ಬರಬಾರದಲ್ಲ. ಆಮೇಲೆ ನೀವು ಕಂಪ್ಯೂಟರ್ ಹಚ್ಚಿದಾಗೆಲ್ಲ ತಾನೂ ಎದ್ದು, ಎಲ್ಲೋ ದೂರದಲ್ಲಿರೋ ಯಜಮಾನನಿಗೆ 'ಬಾ, ಬಾಗಿಲು ತೆಗೆದಿದೀನಿ' ಅಂತ ಹೇಳತ್ತೆ. ನೀವು ಒತ್ತಿದ ಒಂದೊಂದು ಕೀಲಿನೂ ಅವನು ನೋಡಿದಾನೆ. ಪತ್ರದ ಗುಟ್ಟಿನ ಪದ ಹೀಗೇ ಹೋಗಿದ್ದು. ಮನಸೋ ಇಚ್ಛೆ ಓಡಾಡಿ, ಕೊನೆಗೆ ಎಲ್ಲಕ್ಕೂ ತನ್ನ ಬೀಗ ಜಡಿದಿದಾನೆ, ಅದರ ಕೀಲಿಕೈ ಅವನ ಹತ್ರ ಮಾತ್ರ ಇರೋದು."

"ನಮ್ಮ ಕಾವಲು ಏನು ಮಾಡ್ತಿತ್ತು?"

"ಅದನ್ನ ಯಾರೋ ಮಲಗಿಸಿದಾರೆ. ಎದ್ದ ಮೇಲೂ, ನೀವೇ ಬಿಡು ಅಂದಿದ್ದನ್ನ ಅದು ಮುಟ್ಟಲಿಲ್ಲ. ಕಳ್ಳ ಬಾಗಿಲು ಒಡೆದು ಬಂದಿಲ್ಲಮ್ಮ. ಒಳಗಿದ್ದೋರೇ ಚಿಲಕ ತೆಗೆದು, ಚಾಪೆ ಹಾಸಿ ಕೂರಿಸಿದ್ದಾರೆ. ಬೇರೆ ಪ್ರತಿ ಇದೆಯಾ?"

ಇತ್ತು, ಹೆಬ್ಬೆರಳಿನಷ್ಟು ಸಣ್ಣ ಕಡ್ಡಿಯಲ್ಲಿ. ಆದರೆ ಅದು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿದ್ದುದರಿಂದ ಅದಕ್ಕೂ ಬೀಗ ಬಿದ್ದಿತ್ತು.

"ಹದಿನಾಲ್ಕನೇ ತಾರೀಕು, ಮಧ್ಯಾಹ್ನ ಎರಡೂ ಹತ್ತು," ರಿಪೇರಿಯವಳು ಪರದೆ ತೋರಿಸಿದಳು. "ಆಗ ಯಾರು ಕೂತಿದ್ರು ಇಲ್ಲಿ?"

ಹದಿನಾಲ್ಕನೇ ತಾರೀಕು ತಂಗಿ ಆಸ್ಪತ್ರೆಯಲ್ಲಿದ್ದಳು.

"ನಾನೇ," ಎಂದಳು ತಂಗಿ. "ಬಟ್ಟೆ ತಗೊಂಡು ಹೋಗೋಕೆ ಬಂದಿದ್ದೆ. ಮುದುಕಿ ನೋಡಿ, ಏನೋ ಒತ್ತಿಬಿಟ್ಟೆ."

ನನ್ನ ಕಡೆ ಅವಳು ನೋಡಲೂ ಇಲ್ಲ. ಆ ಹೊತ್ತಿಗೆ ನನಗೆ ಬಂದದ್ದು ಕೃತಜ್ಞತೆಯಾಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಬಂದದ್ದು ಹಳೆಯ ಹೊಟ್ಟೆಕಿಚ್ಚೇ. ಸುಳ್ಳು ಹೇಳುವುದರಲ್ಲೂ ಅವಳಿಗೇ ಒಳ್ಳೆಯ ಕಾರಣ ಸಿಕ್ಕಿತಲ್ಲ. ಕ್ಷಮಿಸುವ ಸರದಿಯೂ ಅವಳದೇ ಆಯಿತಲ್ಲ.

ಮರುದಿನ ಅವಳೇ ಕರೆದಳು. "ಅಕ್ಕಾ, ಒಂದು ನೋಟ್‌ಬುಕ್ ತಗೊಂಡು ಬಾ. ನಲವತ್ತೂ ನನಗೆ ಬಾಯಿಗೆ ಬರತ್ತೆ. ನನ್ನ ಬೆರಳು ಪೆನ್ನಿಗೆ ಮಡಚಲ್ಲ, ನೀನು ಬರ್ಕೋ."

"ನೋಡೋಣ," ಎಂದೆ.

"ಹದಿನೇಳನೇದು ಪೂರ್ತಿ ನಿನ್ನ ಮೇಲೇ ಇದೆ ಕಣೇ."

ಅದು ನನ್ನನ್ನು ಸಮಾಧಾನ ಮಾಡಲು ಅವಳು ಆಡಿದ ಮಾತೆಂದುಕೊಂಡೆ. ನನ್ನ ಪಾಲಿನ ಅಪ್ಪನನ್ನು ಅವಳ ಕೈಯಿಂದ ಭಿಕ್ಷೆಯಾಗಿ ಪಡೆಯಬೇಕೇ ಎಂದು ಮೂರು ವಾರ ತಳ್ಳಿದೆ. ಕೂತರೆ ಅವಳ ಮುಖ ನೋಡಬೇಕಾಗುತ್ತಿತ್ತು ಎಂಬುದೂ ನಿಜ. ಕೊನೆಗೊಂದು ದಿನ ನೋಟ್‌ಬುಕ್ ಹಿಡಿದು ಕೆಳಗೆ ಹೋದೆ. ಅವಳು ಕಣ್ಣು ಮುಚ್ಚಿ ಶುರುಮಾಡಿದಳು. "ದೇವರೇ, ನನ್ನ ಚಿಕ್ಕವಳ ಬೆರಳುಗಳನ್ನು..."

"ಚಿಕ್ಕವಳು ಅನ್ನೋದಕ್ಕಿಂತ ಕಿರಿಯ ಮಗಳು ಅಂದ್ರೆ ಬರಹಕ್ಕೆ ಚೆನ್ನ," ಎಂದೆ.

ಅವಳು ನಕ್ಕಳು, ಕೆಮ್ಮು ಬರುವವರೆಗೂ. "ಅಪ್ಪ ಸರಿಯಾಗೇ ಹೇಳಿದ್ರು ನೋಡು ನಿನ್ನ."

ಅಣಕಿಸಲು ನಕ್ಕ ನಗು ಅದಲ್ಲ. ಆದರೂ ನಾನು ನೋಟ್‌ಬುಕ್ ಮಡಚಿ ಎದ್ದೆ. "ನೀನೇ ಬರ್ಕೋ ಹಾಗಾದ್ರೆ," ಎಂದು ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವಳು, "ಏ ಅಕ್ಕಾ, ಬಾರೇ, ಹದಿನೇಳರಿಂದಲೇ ಶುರುಮಾಡೋಣ" ಎಂದದ್ದು ಕೇಳಿಸಿತು. ತಿರುಗಲಿಲ್ಲ. ಅದು ಶುಕ್ರವಾರ. ಭಾನುವಾರ ಅವಳನ್ನು ಮತ್ತೆ ಆಸ್ಪತ್ರೆಗೆ ಒಯ್ದರು. ಮೂಗಿಗೆ ಕೊಳವೆ ಹಾಕಿದ್ದರು, ಮಾತು ಬರುತ್ತಿರಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಾಗಿ, "ಆವತ್ತು ಕೂತಿದ್ದವಳು ನಾನು" ಎಂದೆ. ಅವಳು ನನ್ನ ಕೈ ಹಿಸುಕಿದಳು. ಕೇಳಿಸಿತೋ, ಇಲ್ಲ ನೋವಿಗೆ ಹಿಸುಕಿದಳೋ ತಿಳಿಯದು.

ಇವತ್ತಿಗೆ ಒಂಬತ್ತು ದಿನ. ಅವಳ ಕೋಣೆಯಲ್ಲಿ ಕೂತು ಅಪ್ಪನ ಪ್ರಾರ್ಥನೆಯೊಂದನ್ನು ಹೇಳಬೇಕೆಂದುಕೊಂಡೆ. ನನ್ನಲ್ಲಿರುವ ಹಳೆಯವುಗಳಲ್ಲಿ ಸತ್ತವರಿಗೆಂದು ಒಂದೂ ಇಲ್ಲ. ಆಗ ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಇದ್ದರೆ ಆ ನಲವತ್ತರಲ್ಲಿ ಇದ್ದೀತು. ಆದ್ದರಿಂದ ಇದು ನನ್ನ ಮಾತು, ತಿದ್ದದೆ ಬರೆದದ್ದು.

ದೇವರೇ, ನನ್ನ ತಂಗಿಯನ್ನು ಮಲಗಲು ಬಿಡು. ಅವಳ ಎದೆಯ ನೋವು ಇಳಿಯಲಿ, ಬೆರಳುಗಳು ಸಲೀಸಾಗಿ ಮಡಚಲಿ. ನಾನು ಅಳುವುದು ಅವಳ ಕಿವಿಗೆ ಬೀಳದಿರಲಿ. ಬಿದ್ದರೆ ಅವಳು ಎದ್ದು ಸಮಾಧಾನ ಮಾಡಲು ಬರುತ್ತಾಳೆ. ಅವಳು ಯಾರ ಮೇಲೂ ತಪ್ಪು ಹೊರಿಸಲಿಲ್ಲ, ಅವಳ ಮೇಲೆ ಯಾವುದನ್ನೂ ಹೊರಿಸಬೇಡ. ನಿನ್ನ ಮನೆಯಲ್ಲಿ ಅವಳಿಗೆ ಶಾಂತಿ ಸಿಗಲಿ.