ಒಂದು ಲಡಿ ನೂಲು

ಬಸ್ಸು ಎಡಪ್ಪಾಡಿಯಲ್ಲಿ ನಿಂತಾಗ ಪಳನಿಯಮ್ಮ ಇಳಿಯುವವರ ಮುಖಗಳ ಮೇಲೆಲ್ಲ ಕಣ್ಣಾಡಿಸಿದಳು. ಮಗ ಚಿನ್ನರಾಜ್ ಅವಳ ಪಕ್ಕದಲ್ಲೇ ಬಂದು ನಿಂತಿದ್ದ; ಹೆತ್ತವಳಿಗೇ ಗುರುತು ಸಿಗಲಿಲ್ಲ.

ಮೂರು ವರ್ಷದ ಹಿಂದೆ ಅವನಿಗೆ ಹನ್ನೊಂದು. ಗೆಳೆಯ ಪಳನಿಯಪ್ಪನ್ ಜತೆ ಸೇರಿ ಗಾಳಿಪಟಕ್ಕೆಂದು ಸಾಹುಕಾರನ ಅಂಗಳದಿಂದ ಒಂದು ಲಡಿ ನೂಲು ಎತ್ತಿಕೊಂಡು ಓಡುವಾಗ ಇಬ್ಬರೂ ಸಿಕ್ಕಿಬಿದ್ದಿದ್ದರು. ಪಳನಿಯಪ್ಪನ್‌ನ ತಾತ, ನೇಕಾರ ಶಿವಲಿಂಗಂ, ಸಾಹುಕಾರನ ಕಾಲು ಹಿಡಿದು ಮೊಮ್ಮಗನನ್ನು ಬಿಡಿಸಿಕೊಂಡ. ಚಿನ್ನರಾಜನಿಗೆ ತಂದೆ ಇರಲಿಲ್ಲ. ಏರ್ಕಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ ತಾಯಿ ಸುದ್ದಿ ತಿಳಿದು ಬೆಟ್ಟ ಇಳಿಯುವಷ್ಟರಲ್ಲಿ, ಅವನನ್ನು ದೂರದ ಹುಡುಗರ ಜೈಲಿಗೆ ಸಾಗಿಸಿಯಾಗಿತ್ತು. ‘ಅಲ್ಲಿ ಬುದ್ಧಿ ಕಲಿಸ್ತಾರೆ’ ಎಂದು ಊರವರು ಸಮಾಧಾನ ಹೇಳಿದ್ದರು.

ಮನೆಯಲ್ಲಿ ಮುದ್ದೆ ಬಡಿಸಿದಳು. ಹುಡುಗ ತಟ್ಟೆಯನ್ನು ತೋಳಿನಿಂದ ಬಳಸಿಕೊಂಡು ಗೋಡೆಯತ್ತ ತಿರುಗಿ ಕುಳಿತ. ಆಮೇಲೆ ದಡಕ್ಕನೆದ್ದು ನೆಟ್ಟಗೆ ನಿಂತು, ಮನೆಮಾತು ಕನ್ನಡ ಬಿಟ್ಟು ಜೈಲಿನ ತಮಿಳಿನಲ್ಲಿ ಕೇಳಿದ: “ತಣ್ಣಿ ಕುಡಿಕ್ಕಲಾಮಾ, ಐಯಾ?”

ನೀರು ಕುಡಿಯಲು ಅಪ್ಪಣೆ! ತಾಯಿಯನ್ನು ‘ಐಯಾ’ ಎನ್ನುವುದೇ!

“ನಾನು ನಿನ್ನವ್ವ ಕಣೋ, ರಾಜಾ.”

ಅವನು ಅಪ್ಪಣೆಗಾಗಿ ನಿಂತೇ ಇದ್ದ. ಅಷ್ಟರಲ್ಲಿ ಪಕ್ಕದ ಮನೆಯ ಮಂಗಮ್ಮನ ಕೂಸು ತಪ್ಪುಹೆಜ್ಜೆ ಹಾಕುತ್ತ ಬಂದು ಅವನ ತಟ್ಟೆಗೆ ಕೈಯಿಟ್ಟಿತು. ರೆಪ್ಪೆ ಮಿಟುಕಿಸುವುದರೊಳಗೆ ಚಿನ್ನರಾಜನ ಬೆರಳುಗಳು ಕೂಸಿನ ಕುತ್ತಿಗೆ ಮೇಲಿದ್ದವು. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ. ಪಳನಿಯಮ್ಮ ಕಿರುಚಿ ಬಿಡಿಸಿದಾಗ ಕೂಸಿನ ತುಟಿ ನೀಲಿಗಟ್ಟಿತ್ತು.

“ಅದು ಕೂಸು ಕಣೋ, ಪಾಪಿ!”

“ಒಂದು ದಪ ಬಿಟ್ರೆ ದಿನಾ ಕಿತ್ಕೋತಾರೆ. ಅಲ್ಲಿ ಅಂಗೇ ಐತೆ.” ಅವನು ಮತ್ತೆ ಉಣ್ಣತೊಡಗಿದ.

ಅವಳು ಶಿವಲಿಂಗಂ ಮನೆಗೆ ಓಡಿದಳು. ಅಲ್ಲಿ ಪಳನಿಯಪ್ಪನ್ ಹಾಡು ಗುನುಗುತ್ತ ಸೀರೆಯ ಅಂಚು ನೇಯುತ್ತಿದ್ದ.

“ಮಾಮಾ, ಅವತ್ತು ಬಿಡಿಸ್ಕೊಂಡು ಬಂದ್ಮೇಲೆ ನಿಮ್ಮುಡುಗನಿಗೆ ಏನು ಮಾಡಿದ್ರಿ?”

ಮುದುಕನಿಗೆ ಅರ್ಥವಾಗಲಿಲ್ಲ. “ಏನು ಮಾಡ್ದೆ? ಸಾವ್ಕಾರ್ರ ಮನೇಲಿ ನೂಲು ಸುತ್ತಿ ನಷ್ಟ ತೀರ್ಸು ಅಂದೆ. ಸಂಜೆ ಪಕ್ಕದಲ್ಲಿ ಕೂರಿಸ್ಕೊಂಡು ಮಗ್ಗ ಕಲಿಸ್ದೆ. ಅಷ್ಟೇಯಾ.”

ಅಷ್ಟೇ! ಪಳನಿಯಮ್ಮ ತನ್ನ ಮನೆಯಲ್ಲಿ ಈಗಷ್ಟೇ ನಡೆದುದನ್ನು ಮುದುಕನಿಗೆ ಹೇಳಿದಳು.

ಮರುದಿನ ಮುದುಕ ತಾನೇ ಬಂದು ಚಿನ್ನರಾಜನನ್ನು ಮಗ್ಗಕ್ಕೆ ಕರೆದೊಯ್ದ. ಹೆಗಲ ಮೇಲೆ ಕೈಯಿಡಲು ಹೋದರೆ ಹುಡುಗ ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡ. ಆ ಮೇಲೆ ಯಾರೂ ಅವನನ್ನು ಮುಟ್ಟಿ ಕಲಿಸಲಿಲ್ಲ. ಕೆಲಸ ಬಂತು, ಮಾತು ಬರಲಿಲ್ಲ. ಮಂಗಮ್ಮ ಕೂಸನ್ನು ಆ ಮನೆಯತ್ತ ಬಿಡುವುದನ್ನೇ ನಿಲ್ಲಿಸಿದಳು.

ಆ ಬೇಸಗೆಯಲ್ಲಿ ಇನ್ನೊಬ್ಬ ಹುಡುಗ ನೂಲು ಕದ್ದು ಸಾಹುಕಾರನ ಕೈಗೆ ಸಿಕ್ಕಿಬಿದ್ದ. ಸಾಹುಕಾರ ಪೋಲೀಸರಿಗೆ ಹೇಳಿಕಳಿಸಲು ಹೊರಟಾಗ ಪಳನಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಬುದ್ಧಿ ಕಲಿಸ್ತಾರೆ ಅಂದ್ರಲ್ಲಾ ಸಾಮಿ, ಏನು ಕಲಿಸಿದ್ರು ಅಂತ ನನ್ನ ಮಗನ್ನ ನೋಡ್ಬುಟ್ಟು ಓಗಿ. ಆಮೇಲೂ ಕಳಿಸ್ಬೇಕು ಅನ್ನಿಸಿದ್ರೆ, ಮೊದಲು ನನ್ನ ಕಳಿಸಿ.”

ಸಾಹುಕಾರ ಹೋಗಿ ನೋಡಿದ. ಅವನನ್ನು ಕಂಡದ್ದೇ ಚಿನ್ನರಾಜ ಮಗ್ಗದಿಂದ ದಡಕ್ಕನೆದ್ದು ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡ. ಹಿಂತಿರುಗಿ ಬಂದವನು ಯಾರ ಮುಖವನ್ನೂ ನೋಡದೆ, ಸಿಕ್ಕಿಬಿದ್ದ ಹುಡುಗನಿಗೆ “ನಾಳೆ ಕೆಲಸಕ್ಕೆ ಬಾ” ಎಂದ.