ಬೇಡ ಅನ್ನುವ ಸರದಿ

ನಮ್ಮ ನಾಟಕ ತಂಡದಲ್ಲಿ ಒಂದು ಪದ್ಧತಿ ಇದೆ. ಒಂದು ದೃಶ್ಯದ ತಾಲೀಮು ಮುಗಿದ ಕೂಡಲೇ ಮೇಷ್ಟ್ರು, ಅಂದರೆ ನಿರ್ದೇಶಕರು, ಎಲ್ಲರನ್ನೂ ನೆಲದ ಮೇಲೆ ಸುತ್ತಲೂ ಕೂರಿಸಿ, ಎಡಗಡೆಯಿಂದ ಒಬ್ಬೊಬ್ಬರನ್ನೇ ಕೇಳಿಕೊಂಡು ಬರುತ್ತಾರೆ. ಪ್ರತಿಯೊಬ್ಬರೂ ಒಂದೇ ಪದ ಹೇಳಬೇಕು: 'ಸರಿ' ಅಥವಾ 'ಬೇಡ'. ವಿವರಣೆ ಏನಿದ್ದರೂ ಆಮೇಲೆ. ಒಬ್ಬರೇ ಒಬ್ಬರು 'ಬೇಡ' ಅಂದರೂ ಆ ದೃಶ್ಯವನ್ನು ಮತ್ತೆ ಬಿಚ್ಚಿ ಕಟ್ಟಬೇಕು. "ಭಾಷಣ ಕೇಳೋಕೆ ನಂಗೆ ಪುರುಸೊತ್ತಿಲ್ಲ, ಒಂದು ಮಾತು ಸಾಕು" ಎನ್ನುತ್ತಾರೆ. ದೀಪ ಹಾಕುವವರಿಂದ ನಾಯಕಿಯವರೆಗೆ ಎಲ್ಲರ ಮಾತಿಗೂ ಒಂದೇ ತೂಕ. ಕೇಳಿದವರೆಲ್ಲ ಮೆಚ್ಚುವ ಪದ್ಧತಿ. ಅದರಲ್ಲಿ ನನಗೊಂದು ತೊಡಕಿತ್ತು. ನನ್ನ ಬಾಯಿಗೆ 'ಬ' ಬರುವುದಿಲ್ಲ.

ಬರುವುದೇ ಇಲ್ಲ ಎಂದಲ್ಲ. ತುಟಿಗಳು ಕೂಡುತ್ತವೆ, ಕೂಡಿದವು ಬೀಗ ಜಡಿದ ಹಾಗೆ ನಿಂತುಬಿಡುತ್ತವೆ. ಎದುರಿಗಿರುವವರು ಮೊದಲು ನನ್ನ ಬಾಯಿ ನೋಡುತ್ತಾರೆ, ಆಮೇಲೆ ಗೋಡೆ ನೋಡುತ್ತಾರೆ, ಕೊನೆಗೆ ಕನಿಕರದಿಂದ ತಾವೇ ಒಂದು ಪದ ಹೇಳಿ ಮುಗಿಸುತ್ತಾರೆ. ಹಾಗಾಗಿ ಆ ಅಕ್ಷರದ ಮುಂದೆ ಹಾಯದೆ ಸುತ್ತುದಾರಿ ಹಿಡಿಯುವುದನ್ನು ಚಿಕ್ಕಂದಿನಲ್ಲೇ ಕಲಿತೆ. ಬಾಗಿಲು ನನಗೆ ಕದ. ಬೆಳಿಗ್ಗೆ ಮುಂಜಾನೆ. ಬಟ್ಟೆ ಉಡುಪು. ಪಕ್ಕದ ಮನೆಯ ಬೆಕ್ಕು ನಮ್ಮ ಅಡುಗೆಮನೆಗೆ ನುಗ್ಗಿದಾಗ ನಾನು "ಅಮ್ಮಾ, ಮಾರ್ಜಾಲ" ಎಂದು ಕೂಗಿದ್ದಕ್ಕೆ ಅಮ್ಮ ಸೌಟು ಹಿಡಿದುಕೊಂಡು ನಗುತ್ತಾ ನಿಂತಳು, ಹಾಲು ಹೋಯಿತು. ಬದನೆಕಾಯಿಗೆ ಬೇರೆ ಪದವಿಲ್ಲ, ಬೆಂಡೆಕಾಯಿಗೂ ಇಲ್ಲ. ತರಕಾರಿಗೆ ನಾನು ಹೋದ ದಿನ ಮನೆಯಲ್ಲಿ ಹೀರೆಕಾಯಿಯೇ. ಸಾಹಿತ್ಯದಲ್ಲಿ ಪದವಿ ಮುಗಿಸಿದ ಮೇಲೆ ಜನ, ಓದಿದ ಹುಡುಗಿ, ಪುಸ್ತಕದ ಹಾಗೆ ಮಾತಾಡುತ್ತಾಳೆ ಎಂದುಕೊಂಡರು.

'ಬೇಡ'ಕ್ಕೆ ಮಾತ್ರ ಒಳ್ಳೆಯ ಸುತ್ತುದಾರಿ ಸಿಗಲಿಲ್ಲ. 'ಒಲ್ಲೆ' ಅಂದರೆ ನಗುತ್ತಾರೆ. 'ಆಗಲ್ಲ' ಅಂದರೆ ಮೂಗು ಮುರಿಯುತ್ತಾರೆ. ನಮ್ಮ ನೆಂಟರಿಷ್ಟರಲ್ಲಿ ನನ್ನಷ್ಟು ಹೇಳಿದ ಮಾತು ಕೇಳುವ ಹುಡುಗಿ ಇನ್ನೊಬ್ಬಳಿಲ್ಲ.

ನನ್ನನ್ನು ತಂಡಕ್ಕೆ ತಂದವರು ಮಾವ, ಅಮ್ಮನ ತಮ್ಮ. ಅಲ್ಲಿ ಹಾಡುಗಳಿಗೆ ಕೀಬೋರ್ಡ್ ನುಡಿಸುವವರು ಅವರು. ಪಿಸುಗುಟ್ಟುವಾಗ ನಾನು ತೊದಲುವುದಿಲ್ಲ, ಹಾಡುವಾಗಲೂ ಇಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಪರದೆಯ ಹಿಂದೆ ಹಸ್ತಪ್ರತಿ ಹಿಡಿದು ಕೂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ವಾರ ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ನಾನು 'ಪಿಸು' ಆದೆ.

ಈ ಸಲದ್ದು ಹಾಡಿನ ನಾಟಕ. ಗಡಿಯಾರ ರಿಪೇರಿ ಮಾಡುವವನ ಮಗಳು ಅದರ ನಾಯಕಿ. ಅವಳು ತೊದಲುತ್ತಾಳೆ, ಊರು ನಗುತ್ತದೆ. ಅವಳು ಇಷ್ಟಪಟ್ಟ ಹುಡುಗನ ಮೇಲೆ ಅವನ ಮಾಲೀಕರು ಕಳ್ಳತನದ ಆರೋಪ ಹೊರಿಸಿದಾಗ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಲ್ಲುತ್ತಾಳೆ. ಅಲ್ಲೊಂದು ಹಾಡು. ಹಾಡು ಮುಗಿದದ್ದೇ ತಡ, ಕಟ್ಟೆ ಒಡೆದ ಹಾಗೆ ಮಾತು ಹರಿಯುತ್ತದೆ, ಒಂದು ತಡೆಯಿಲ್ಲ. "ನನ್ನ ಮಗಳು ಸರಿಹೋದಳು" ಎಂದು ಅಪ್ಪ ಅಳುತ್ತಾನೆ. ದೀಪ ಆರುತ್ತದೆ.

ನಾಯಕಿಯಾಗುವವಳನ್ನು ತಂಡದಲ್ಲಿ ಎಲ್ಲರೂ ಮಹಾರಾಣಿ ಎನ್ನುತ್ತಿದ್ದರು; ನಾನು ಅಕ್ಕ ಎನ್ನುತ್ತಿದ್ದೆ. ಒಂದು ಸಂಜೆ ಕಾಫಿ ಲೋಟ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು.

"ಪಿಸು, ಸ್ವಲ್ಪ ಹೇಳಿಕೊಡೇ. ನಾನು ಸಿನಿಮಾ ನೋಡಿ ಕಲ್ತಿದ್ದು. ಹೆಂಗಿದೆ ನೋಡು."

ಎಂದವಳೇ ಕಣ್ಣು ಪಟಪಟ ಬಡಿದು, ಭುಜ ಕುಣಿಸಿ, ಒಂದೊಂದು ಪದವನ್ನೂ ಒಂದೇ ಅಳತೆಯಲ್ಲಿ ಕತ್ತರಿಸಿದಳು. ಆ ಮೂಲೆಯಿಂದ ಮಾವ ಹೇಳಿದರು:

"ಮಿಕ್ಸಿ ಕೆಟ್ಟಂಗಿದೆ."

"ಮೊದ್ಲು ನಿಮ್ ಕೀಬೋರ್ಡಿಗೆ ಬಿದ್ದು ಹೋಗಿರೋ ಹಲ್ಲು ಕಟ್ಟಿಸಿ ಮಾವ. ಆಮೇಲೆ ನನ್ನ ರಿಪೇರಿಗೆ ಬನ್ನಿ."

ನನಗೂ ನಗು ಬಂತು. "ಎಲ್ಲಾ ಪದಕ್ಕೂ ಹಾಗಾಗಲ್ಲ ಅಕ್ಕ," ಎಂದೆ. "ನಂಗೆ ಒಂದೇ ಅಕ್ಷರ. ಅದು ದೂರದಿಂದಲೇ ಕಾಣುತ್ತೆ, ಸಿಕ್ಕಿದ್ರೆ ಗಂಟೆಗಟ್ಲೆ ಕಥೆ ಹೊಡೆಯೋ ನೆಂಟರು ಕಂಡ ಹಾಗೆ. ತಕ್ಷಣ ಪಕ್ಕದ ಗಲ್ಲಿಗೆ ತಿರುಗಿಕೊಳ್ತೀನಿ. ನಿಮಗೆ ಕೇಳೋದು ಸ್ವಲ್ಪ. ಅಡಗಿಸಿಕೊಂಡಿರೋದೇ ಹೆಚ್ಚು."

"ಅಡಗಿಸಿಕೊಂಡಿರೋದನ್ನ ಜನಕ್ಕೆ ಹೆಂಗೆ ತೋರಿಸ್ಲೇ?"

ಆದರೂ ಅವಳು ಬಿಡಲಿಲ್ಲ. ತನ್ನ ಪಾತ್ರಕ್ಕೆ 'ಮ' ಆರಿಸಿಕೊಂಡಳು; ಮನೆಯಲ್ಲಿ, ಅಂಗಡಿಯಲ್ಲಿ, ಎಲ್ಲೆಂದರಲ್ಲಿ 'ಮ' ತಪ್ಪಿಸಿ ಮಾತಾಡಲು ಶುರು ಮಾಡಿದಳು. "ನಿನ್ನೆ ಮೆಣಸಿನಕಾಯಿ ಕೇಳೋಕಾಗ್ದೆ 'ಖಾರದ್ದು ಕೊಡಿ' ಅಂದೆ ಕಣೇ. ಪುಡಿ ಕೊಟ್ಟು ಕಳಿಸ್ದ. ಸಾಕಾಗಿ ಹೋಯ್ತು. ನೀನು ದಿನಾ ಹೆಂಗೇ ಮಾಡ್ತೀಯಾ?" ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅವಳ ನಟನೆ ದಿನದಿಂದ ದಿನಕ್ಕೆ ನಿಜವಾಗುತ್ತಾ ಬಂತು. ಒಮ್ಮೊಮ್ಮೆ ನಾನು ಹಸ್ತಪ್ರತಿ ಮರೆತು ಅವಳ ತುಟಿಯನ್ನೇ ನೋಡುತ್ತಿದ್ದೆ.

ಅದಕ್ಕೇ ಕೊನೆಯ ದೃಶ್ಯ ನನಗೆ ಅಷ್ಟು ಚುಚ್ಚಿತು. ನಾನು ಓದಿದ ಕಾದಂಬರಿಗಳಲ್ಲಿ 'ಎಂದು ತೊದಲಿದ' ಅಂದರೆ ಅವನು ಸುಳ್ಳು ಹೇಳಿ ಸಿಕ್ಕಿಬಿದ್ದ ಎಂದೇ ಲೆಕ್ಕ. ನೋಡಿದ ಸಿನಿಮಾಗಳಲ್ಲಿ ನಮ್ಮಂಥವರು ಎರಡೇ ಬಗೆ: ನಗಿಸಲು ಬಂದು ಹೋಗುವವರು, ಇಲ್ಲವೇ ಕೊನೆಯ ರೀಲಿನಲ್ಲಿ ಗುಣವಾಗುವವರು. ಗುಣವಾಗದೆ, ತೊದಲುತ್ತಲೇ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮನೆಗೆ ಹೋಗುವವಳು ಒಬ್ಬಳೂ ಇಲ್ಲ. ಇಷ್ಟು ದಿನ ನನ್ನ ಹಾಗೇ ಉಸಿರು ಹಿಡಿಯುತ್ತಿದ್ದ ಮಹಾರಾಣಿ ಒಂದು ಹಾಡು ಮುಗಿಯುತ್ತಲೇ ರೇಡಿಯೋ ವಾರ್ತೆಯ ಹಾಗೆ ಮಾತಾಡತೊಡಗಿದಾಗ, ಯಾರೋ ನನ್ನನ್ನು ಮೆಲ್ಲಗೆ ಕೋಣೆಯಿಂದ ಆಚೆ ಕಳಿಸಿದಂತಾಯಿತು.

ಸುತ್ತು ಕೂತೆವು. ಸರಿ, ಸರಿ, ಸರಿ ಎಂದು ಬಂದು ನನ್ನ ಸರದಿಗೆ ನಿಂತಿತು. ನಾನು ತುಟಿ ಕೂಡಿಸಿದೆ. ಬೀಗ ಬಿತ್ತು. ಮೇಷ್ಟ್ರು ನನ್ನ ಬಾಯಿ ನೋಡಿದರು, ಗೋಡೆಯ ಕಡೆ ತಿರುಗಿದರು, ನಗುಮುಖ ಮಾಡಿ ಹೇಳಿದರು:

"ಸರಿ ತಾನೇ? ಗೊತ್ತಾಯ್ತು ಬಿಡು ತಾಯಿ, ಕಷ್ಟಪಡಬೇಡ. ಮುಂದೆ."

ನಾನು ತಲೆ ಅಲ್ಲಾಡಿಸುವಷ್ಟರಲ್ಲಿ ನನ್ನ ಪಕ್ಕದವರ 'ಸರಿ'ಯೂ ಮುಗಿದಿತ್ತು.

ಅಷ್ಟಕ್ಕೇ ನಿಂತಿದ್ದರೆ ಬಹುಶಃ ನುಂಗಿಕೊಳ್ಳುತ್ತಿದ್ದೆ. ಎರಡು ದಿನ ಬಿಟ್ಟು ಪತ್ರಿಕೆಯವರೊಬ್ಬರು ತಾಲೀಮು ನೋಡಲು ಬಂದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ನಮ್ಮಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ಅವಳೇ ಒಪ್ಪಿ 'ಸರಿ' ಅಂದಿರೋ ನಾಟಕ ಇದು. ಕರಪತ್ರದಲ್ಲೂ ಹಾಕಿಸ್ತಾ ಇದೀವಿ" ಎಂದರು. ಅವರ ಕಣ್ಣಲ್ಲಿ ಕೆಟ್ಟತನವಿರಲಿಲ್ಲ, ಹೆಮ್ಮೆಯಿತ್ತು. ಪತ್ರಿಕೆಯವರು "ಹೌದಾ?" ಎಂದು ನನ್ನತ್ತ ನೋಡಿ, ಉತ್ತರ ಬರುವ ಮೊದಲೇ ಬರೆದುಕೊಂಡರು.

ನಾನು ಆಡದ ಮಾತು ಅಚ್ಚಿಗೆ ಹೋಗುತ್ತಿತ್ತು. ಶನಿವಾರ ಪೂರ್ತಿ ನಾಟಕದ ತಾಲೀಮು, ಆಮೇಲೆ ಕಡೆಯ ಸುತ್ತು. ಅದು ಮುಗಿದರೆ ಇನ್ನು ಒಂದು ಅಕ್ಷರವೂ ಅಲುಗುವುದಿಲ್ಲ.

ಮನೆಗೆ ನಡೆಯುತ್ತಾ ಮಾವನಿಗೆ ಹೇಳಿದೆ.

"ಅದಕ್ಯಾಕೆ ಅಷ್ಟು ಯೋಚ್ನೆ ಪುಟ್ಟಿ? ನನ್ನ ಕಿವೀಲಿ ಪಿಸುಗುಟ್ಟು. ನಾನು ಜೋರಾಗಿ ಹೇಳ್ತೀನಿ, ಇವಳು ಹಿಂಗಂತಾಳೆ ಅಂತ."

"ಆಗ ಅದು ನಿಮ್ಮ ಮಾತಾಗುತ್ತೆ ಮಾವ."

"ಹೋಗ್ಲಿ, 'ಒಲ್ಲೆ' ಅನ್ನು."

"ನಗ್ತಾರೆ. ನಕ್ಕ ಮೇಲೆ ಅದು ತಮಾಷೆ ಲೆಕ್ಕಕ್ಕೆ ಹೋಗುತ್ತೆ. ಅವರು ಯಾವ ಪದ ಕೇಳ್ತಾರೋ ಅದನ್ನೇ ಹೇಳ್ತೀನಿ. ನಾನೇ ಹೇಳ್ತೀನಿ."

"ಎಲ್ಲರೂ ನೋಡ್ತಾ ಇರ್ತಾರಲ್ಲೇ."

"ನೋಡಲಿ."

ಮಾವ ನನ್ನನ್ನು ಒಮ್ಮೆ ಓರೆಗಣ್ಣಿನಿಂದ ನೋಡಿದರು. "ನಿಮ್ಮಮ್ಮಂಗೆ ಈ ಹಟ ಇನ್ನೂ ಗೊತ್ತಿಲ್ಲ ಅಲ್ವಾ" ಎಂದರು.

ಶನಿವಾರ ಮಧ್ಯಾಹ್ನ ತಾಲೀಮು ಕೋಣೆಯ ಫ್ಯಾನು ಕೆಟ್ಟಿತ್ತು. ಕೆಳಗಿನ ಟೈರ್ ಅಂಗಡಿಯಿಂದ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ನಾಟಕ ಮೊದಲಿಂದ ಕೊನೆಯವರೆಗೂ ಎಲ್ಲೂ ನಿಲ್ಲದೆ ಓಡಿತು. ಮಹಾರಾಣಿ ಚೆನ್ನಾಗಿ ಹಾಡಿದಳು. "ನನ್ನ ಮಗಳು ಸರಿಹೋದಳು" ಎಂಬ ಮಾತಿಗೆ, ಯಾವ ನಾಟಕವಾದರೂ ಅಪ್ಪನೇ ಆಗುವುದರಿಂದ ಖಾಯಂ ಅಪ್ಪ ಎಂದು ಹೆಸರಾದವರು ನಿಜವಾಗಿ ಕಣ್ಣೀರು ಹಾಕಿದರು. ಹಗಲು ವಿಮೆ ಕಚೇರಿಯಲ್ಲಿ ಕೂರುವ ಅವರಿಗೆ ಈ ನಾಟಕದಲ್ಲಿ ಹೇಳಿಕೊಳ್ಳುವಂಥ ಮಾತು ಅದೊಂದೇ.

ಸುತ್ತು ಕೂತೆವು. ಸರಿ. ಸರಿ. ಮಹಾರಾಣಿ ನೀರು ಕುಡಿಯುತ್ತಾ "ಸರಿ" ಎಂದಳು. ಮಾವ ನನ್ನನ್ನು ನೋಡದೆ "ಪಿಸು ಹೇಳಿದ ಮೇಲೆ ಹೇಳ್ತೀನಿ" ಎಂದರು.

"ಇದ್ಯಾವ ಹೊಸ ಪದ್ಧತಿ? ಆಯ್ತು. ಪಿಸು?"

ತುಟಿ ಕೂಡಿಸಿದೆ. ಬೀಗ ಬಿತ್ತು. ಕಿವಿ ಬಿಸಿಯಾಯಿತು, ಕತ್ತಿನ ನರ ಬಿಗಿಯಿತು. 'ಸರಿ' ಎಂಬ ಪದ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿಬಿಟ್ಟಿದ್ದರೆ ಎಲ್ಲರೂ ಎದ್ದು ಕಾಫಿಗೆ ಹೋಗುತ್ತಿದ್ದರು. ಮೇಷ್ಟ್ರ ಮುಖದಲ್ಲಿ ಆ ಕನಿಕರ ಮೂಡಿದ್ದು ಕಂಡಿತು. ಸಹಾಯಕ್ಕೆಂದು ಅವರು ಬಾಯಿ ತೆರೆದರು. ನಾನು ಅಂಗೈ ಎತ್ತಿ ಅವರಿಗೆ ಅಡ್ಡ ಹಿಡಿದೆ.

ಮೇಷ್ಟ್ರಿಗೆ ಕೈ ಅಡ್ಡ ಹಿಡಿದವರು ಆ ಕೋಣೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಅವರು ಬಾಯಿ ಮುಚ್ಚಿದರು.

ಕೆಳಗೆ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು. ಖಾಯಂ ಅಪ್ಪ ಕೆಮ್ಮಿದರು. ಕೆಲವರು ಗೋಡೆ ನೋಡಿದರು. ನಾನು ಗೋಡೆ ನೋಡಲಿಲ್ಲ, ಕಣ್ಣು ಮುಚ್ಚಲಿಲ್ಲ, ಪಕ್ಕದ ಗಲ್ಲಿಗೆ ತಿರುಗಲಿಲ್ಲ. ತುಟಿ ಬಿಚ್ಚುವವರೆಗೂ ಇಲ್ಲೇ ಕೂತಿರುತ್ತೇನೆ, ಇವರೂ ಕೂತಿರಲಿ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದು ಜೀವನದಲ್ಲಿ ಅದೇ ಮೊದಲು.

"ಬ... ಬೇಡ."

ಒಡೆದು ಬಂತು, ಆದರೆ ಪೂರ್ತಿ ಬಂತು.

"ನಂದೂ ಬೇಡ," ಎಂದರು ಮಾವ, ತಕ್ಷಣ.

"ನೀವು ಸುಮ್ನಿರಿ," ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. "ಹೋದ ಸಲ ಸರಿ ಅಂದಿದ್ಯಲ್ಲ ತಾಯಿ?"

"ನಾನು ಅನ್ನಲಿಲ್ಲ ಮೇಷ್ಟ್ರೇ. ನೀವು ಅಂದ್ರಿ."

ಮೇಷ್ಟ್ರು ಆ ದಿನವನ್ನು ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಗಡ್ಡ ಕೆರೆದುಕೊಂಡರು.

"ಹೂಂ. ಆಯ್ತು. ಏನು ಬೇಡ, ಅದನ್ನ ಹೇಳು. ನಿಧಾನಕ್ಕೆ ಹೇಳು."

"ಅವಳು ಗುಣ ಆಗೋದು."

"ಅಯ್ಯೋ, ನನ್ನ ಹಾಡು ಹೋಯ್ತು," ಎಂದಳು ಮಹಾರಾಣಿ.

"ಹಾಡು ಇರಲಿ ಅಕ್ಕ. ಹಾಡುವಾಗ ನಾನೂ ತೊದಲಲ್ಲ. ಹಾಡು ಮುಗಿದ ಮೇಲೆ ಮಾತು ಮಾತ್ರ ಮೊದಲಿನ ಹಾಗೇ ಇರಲಿ. ಸಾಕ್ಷಿ ನಿಜ ಆದ್ರೆ ಸಾಕು, ನುಣ್ಣಗೆ ಯಾಕಿರ್ಬೇಕು?"

ಮೇಷ್ಟ್ರು ತಲೆ ಕೊಡವಿದರು. "ನೋಡು, ಹಿಂದಿನ ಸಾಲಲ್ಲಿ ಕೂತವನು ಕಷ್ಟಪಟ್ಟು ಬಂದಿರ್ತಾನೆ. ಅವನಿಗೊಂದು ಸಮಾಧಾನ ಬೇಡವಾ?"

"ನಾನು ನಾಟಕಕ್ಕೆ ಹೋದ್ರೆ ಹಿಂದಿನ ಸಾಲಲ್ಲೇ ಕೂರೋದು ಮೇಷ್ಟ್ರೇ. ಪ್ರತಿ ಸಲ ಅವಳು ಗುಣವಾಗಿ ಎದ್ದು ಹೋಗ್ತಾಳೆ. ನಾನು ಹಾಗೇ ಬ... ಬಸ್ಸು ಹತ್ತಿ ಮನೆಗೆ ಹೋಗ್ತೀನಿ."

ಯಾರೂ ಆ ಪದವನ್ನು ನನ್ನ ಪರವಾಗಿ ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ.

ಮಹಾರಾಣಿ ಎದ್ದು ನಿಂತಳು. "ಮಾಡಿ ನೋಡೋಣ ಮೇಷ್ಟ್ರೇ. ಕೊನೇ ಮಾತು 'ಕದ್ದಿದ್ದು ಮಾಲೀಕರ ಮಗ' ಅಂತ ಇದೆ. ನಂದು 'ಮ'. ಅಲ್ಲೇ ನಿಂತುಬಿಡುತ್ತೆ."

"ಪಿಸು ಥರ 'ಯಜಮಾನರು' ಅಂತ ತಪ್ಪಿಸಿಕೊಳ್ಳಲ್ವಾ?" ಎಂದರು ಮೇಷ್ಟ್ರು.

"ಅವತ್ತು ತಪ್ಪಿಸಿಕೊಳ್ಳಲ್ಲ," ಎಂದೆ. "ಅವತ್ತು ನೇರ ಹೋಗ್ತಾಳೆ. ಕೋರ್ಟು ಕಾಯಲಿ."

"ಅಲ್ಲಾ, ಅವಳು ಸರಿಹೋಗ್ಲಿಲ್ಲ ಅಂದ್ರೆ ನಾನೇನು ಹೇಳ್ಲಿ?" ಎಂದರು ಖಾಯಂ ಅಪ್ಪ. "ನಂಗಿರೋದೇ ಒಂದು ಡೈಲಾಗು."

ಮೇಷ್ಟ್ರು ಒಂದು ಕುರ್ಚಿ ಎಳೆದುಕೊಂಡು ಹೋಗಿ ಹಿಂದಿನ ಗೋಡೆಗೆ ಒರಗಿಸಿ ಕೂತರು. "ಇಲ್ಲೀತನಕ ಮುಟ್ಟುತ್ತಾ ನೋಡ್ತೀನಿ. ಮುಟ್ಟಲಿಲ್ಲ ಅಂದ್ರೆ ಹಳೇದೇ. ಶುರು ಮಾಡಿ."

ಹಾಡು ಮುಗಿಯಿತು. ಮಹಾರಾಣಿ "ಕದ್ದಿದ್ದು" ಎಂದಳು. ತುಟಿ ಕೂಡಿಸಿದಳು. ನಿಂತಳು. ಆಗ ಸಾಕ್ಷಿಕಟ್ಟೆಯ ಪಕ್ಕದಿಂದ ಖಾಯಂ ಅಪ್ಪ "ಮಾಲೀಕರ ಮಗ" ಎಂದುಬಿಟ್ಟರು.

ಎಲ್ಲರೂ ಗೊಳ್ಳೆಂದು ನಕ್ಕರು. ಅವರ ಮುಖ ಕೆಂಪಾಯಿತು. "ತಡ್ಕೊಳೋಕಾಗ್ಲಿಲ್ಲ ಮೇಷ್ಟ್ರೇ. ಮಗು ಅಷ್ಟು ಒದ್ದಾಡ್ತಾ ಇದ್ರೆ..."

ಹಿಂದಿನ ಗೋಡೆಯಿಂದ ಮೇಷ್ಟ್ರು ಹೇಳಿದರು. ದನಿಯಲ್ಲಿ ನಗುವಿರಲಿಲ್ಲ.

"ಅದೇ ನಿಮ್ಮ ಪಾತ್ರ. ಹೇಳ್ಬೇಕು ಅನ್ಸುತ್ತೆ, ಹೇಳಲ್ಲ. ಅದನ್ನ ಮಾಡಿ. ಡೈಲಾಗಿಗಿಂತ ಕಷ್ಟ ಅದು, ನಂಗೂ ಆಗ್ಲಿಲ್ಲ. ಇನ್ನೊಂದು ಸಲ."

ಇನ್ನೊಂದು ಸಲ ಹಾಡು ಮುಗಿಯಿತು. "ಕದ್ದಿದ್ದು." ತುಟಿ ಕೂಡಿದವು. ಖಾಯಂ ಅಪ್ಪ ಒಂದು ಹೆಜ್ಜೆ ಮುಂದಿಟ್ಟರು, ಬಾಯಿ ತೆರೆದರು, ತೆರೆದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಅಲ್ಲೇ ನಿಂತರು. ಹಿಂದೆ ಗೋಡೆಯ ಬಳಿ ಮೇಷ್ಟ್ರು ನಿಧಾನವಾಗಿ ಮುಂದಕ್ಕೆ ಬಾಗಿದರು, ಮೊಣಕೈ ಮೊಣಕಾಲ ಮೇಲೆ ಊರಿದರು. ಮಹಾರಾಣಿಯ ಕತ್ತಿನ ನರ ಬಿಗಿಯಿತು. ಅವಳು ಅವಸರ ಮಾಡಲಿಲ್ಲ, ನಾವೂ ಮಾಡಲಿಲ್ಲ.